ಹಾಡು ಸಿಕ್ಕಿತು, ಬಾರಿಸಿದವರು ಯಾರು?

ಬೇಸಿಗೆಯಲ್ಲಿ ಕಲಬುರಗಿಯ ಮನೆಗಳ ಒಳಗೆ ರಾತ್ರಿ ಹತ್ತಾದರೂ ಕೂರಲು ಆಗುವುದಿಲ್ಲ. ಗೋಡೆಯೇ ಕಾದಿರುತ್ತದೆ. ಹಾಗಾಗಿ ಮಾಳಿಗೆಗೆ ನಾಲ್ಕು ಬಕೆಟ್ ನೀರು ಹೊಡೆದು, ಅದು ಆರಿದ ಮೇಲೆ ಚಾಪೆ ಹಾಸಿಕೊಂಡು ಕೂರುತ್ತೇವೆ. ನಾವು ಐದು ಜನ. ರವಿವಾರ ರಾತ್ರಿ ಒಬ್ಬೊಬ್ಬರು ಒಂದೊಂದು ಹಾಡು ತರಬೇಕು, ಉಳಿದವರು ಅದನ್ನು ಪೂರ್ತಿ ಕೇಳಬೇಕು, ನಡುವೆ ಫೋನ್ ಮುಟ್ಟಬಾರದು. ಫಂಕ್, ಸೋಲ್, ಜಾಝ್, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಸಂಗೀತ. ಹೆಚ್ಚಾಗಿ 1950ರಿಂದ 1980ರ ನಡುವಿನವು. ಮೂರು ವರ್ಷದಿಂದ ಹೀಗೇ ನಡೆದಿದೆ.

ಶುರುವಿನಲ್ಲಿ ಹಾಡು ಮುಗಿದ ಕೂಡಲೇ 'ಮಸ್ತ್ ಅದ' ಅಂತ ಹೇಳಿ ಮುಂದಿನದಕ್ಕೆ ಹೋಗಿಬಿಡುತ್ತಿದ್ದೆವು. ಅದನ್ನು ನಿಲ್ಲಿಸಿದ್ದು ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಕಾಕಾ. ಅವರು 1980ರ ದಶಕದಲ್ಲಿ ಸೂಪರ್ ಮಾರ್ಕೆಟ್ ಕಡೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವರು. ಜನ ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ತರುತ್ತಿದ್ದರು, ಇವರು ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ, ಒಳಗಿನ ಕಾರ್ಡಿನ ಮೇಲೆ ನೀಲಿ ಪೆನ್ನಿನಲ್ಲಿ ಹಾಡು, ಹಾಡಿದವರು, ಸಂಗೀತ ಕೊಟ್ಟವರು ಅಂತ ಸಾಲಾಗಿ ಬರೆದು ಕೊಡುತ್ತಿದ್ದರು. ಒಂದು ರಾತ್ರಿ ಹಾಡು ಮುಗಿದಾಗ ಅವರು ಕೇಳಿದರು: "ಛಲೋ ಅದ ತಮ್ಮಾ. ಬಾರಿಸಿದವ್ರು ಯಾರು?" ತಂದವನಿಗೆ ಗೊತ್ತಿರಲಿಲ್ಲ. ಆ್ಯಪ್ ತೆಗೆದು ನೋಡಿದೆವು. ಹಾಡಿನ ಹೆಸರಿತ್ತು, ಹಾಡಿದವರ ಹೆಸರಿತ್ತು, ಚೌಕದ ಒಂದು ಚಿತ್ರ ಇತ್ತು. ಡ್ರಮ್ ಬಾರಿಸಿದವರು ಯಾರು, ಬೇಸ್ ಗಿಟಾರ್ ಹಿಡಿದವರು ಯಾರು ಅನ್ನುವುದು ಎಲ್ಲೂ ಇರಲಿಲ್ಲ.

ಈ ಲೇಖನ ಆ ಪ್ರಶ್ನೆಯ ಬಗ್ಗೆ. ಈಗ ಹಾಡು ಸಿಗುವುದು ಕಷ್ಟವೇ ಅಲ್ಲ. ದೊಡ್ಡ ಆ್ಯಪ್‌ಗಳಲ್ಲಿ ಹತ್ತು ಕೋಟಿಗೂ ಜಾಸ್ತಿ ಹಾಡುಗಳಿವೆ. ಕಳೆದುಹೋಗುತ್ತಿರುವುದು ಹೆಸರು. ಹೆಸರು ಹೋದರೆ ಮುಂದಿನ ಹಾಡಿಗೆ ಹೋಗುವ ದಾರಿ ಹೋಗುತ್ತದೆ, ಬಾರಿಸಿದವರಿಗೆ ಸಲ್ಲಬೇಕಾದ ದುಡ್ಡು ಹೋಗುತ್ತದೆ, ಈಗೀಗಂತೂ ಬಾರಿಸಿದ್ದು ಮನುಷ್ಯರೋ ಯಂತ್ರವೋ ಅನ್ನುವುದೂ ಗೊತ್ತಾಗುವುದಿಲ್ಲ. ಹಾಡು ಹಂಚಿಕೊಳ್ಳುವವರು ಹೆಸರನ್ನೂ ಜೊತೆಗೇ ಹಂಚಬೇಕು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಅವತ್ತಿನ ಹಾಡು ಫಂಕ್ ಗಾಯಕ ಜೇಮ್ಸ್ ಬ್ರೌನ್ ಅವರ 'ಫಂಕಿ ಡ್ರಮ್ಮರ್'. 1969ರ ನವೆಂಬರ್‌ನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ರೆಕಾರ್ಡ್ ಆಗಿ 1970ರಲ್ಲಿ ಹೊರಬಂತು. ಅರ್ಧ ದಾಟಿದ ಮೇಲೆ ಒಂದು ಕಡೆ ಉಳಿದವರೆಲ್ಲ ಕೈ ಬಿಡುತ್ತಾರೆ, ಡ್ರಮ್ ಒಂದೇ ಉಳಿಯುತ್ತದೆ. ಇಪ್ಪತ್ತು ಸೆಕೆಂಡಿನಷ್ಟು, ಅಷ್ಟೇ. ಆ ಇಪ್ಪತ್ತು ಸೆಕೆಂಡನ್ನು ಕತ್ತರಿಸಿ, ಮತ್ತೆ ಮತ್ತೆ ಸುತ್ತಿಸಿ, ಸಾವಿರಕ್ಕೂ ಹೆಚ್ಚು ಹಾಡುಗಳಿಗೆ ಹಾಕಿಕೊಂಡಿದ್ದಾರೆ. 1980ರ ದಶಕದ ಕೊನೆಯ ಹಿಪ್‌ಹಾಪ್‌ಗೆ ಅದು ಅಡಿಪಾಯ ಇದ್ದ ಹಾಗೆ. ಬಾರಿಸಿದವರ ಹೆಸರು ಕ್ಲೈಡ್ ಸ್ಟಬ್ಬಲ್‌ಫೀಲ್ಡ್. ಹೆಸರು ನಮಗೆ ಸಿಕ್ಕಿದ್ದು ಬೇರೆ ಕಡೆ ಹುಡುಕಿದ ಮೇಲೆ.

ನಮ್ಮಲ್ಲಿ ಒಬ್ಬ ತಬಲಾ ಬಾರಿಸುತ್ತಾನೆ, ಒಂದು ಭಜನಾ ಮಂಡಳಿಗೆ ಸಾಥ್ ಕೊಡುತ್ತಾನೆ. ಅವನು ಆ ಇಪ್ಪತ್ತು ಸೆಕೆಂಡನ್ನು "ಮತ್ತ ಹಚ್ಚು, ಮತ್ತ ಹಚ್ಚು" ಅಂತ ಐದು ಸಲ ಹಾಕಿಸಿದ. ಮೂರನೇ ಸಲಕ್ಕೆ ಕಣ್ಣು ಮುಚ್ಚಿದ, ನಾಲ್ಕನೇ ಸಲಕ್ಕೆ ತೊಡೆಯ ಮೇಲೆ ಬೆರಳು ಆಡತೊಡಗಿದವು. ಆಮೇಲೆ ಹೇಳಿದ: "ದೊಡ್ಡ ಪೆಟ್ಟು ಬಿಡ್ರಿ. ನಡುವಿನ ಸಣ್ಣ ಪೆಟ್ಟು ಕೇಳ್ರಿ." ಕೇಳಿದೆವು. ಎರಡು ಗಟ್ಟಿ ಪೆಟ್ಟುಗಳ ನಡುವೆ, ಕೋಲು ಡ್ರಮ್ಮಿಗೆ ತಾಗಿತೋ ಇಲ್ಲವೋ ಅನ್ನುವಂಥ ಮೆತ್ತನೆಯ ಪೆಟ್ಟುಗಳು ಇದ್ದವು. ಡ್ರಮ್ಮರ್‌ಗಳು ಅವನ್ನು ಘೋಸ್ಟ್ ನೋಟ್ ಅನ್ನುತ್ತಾರೆ. ಒಮ್ಮೆ ಅವು ಕಿವಿಗೆ ಬಿದ್ದ ಮೇಲೆ ಹಾಡು ಮೊದಲಿನ ಹಾಗೆ ಕೇಳಿಸುವುದೇ ಇಲ್ಲ. ಮೈ ಅಲುಗಿಸುವುದು ದೊಡ್ಡ ಪೆಟ್ಟು ಅಂದುಕೊಂಡಿದ್ದೆವು, ಅದನ್ನು ಹೊತ್ತು ನಡೆಸುವುದು ಈ ಸಣ್ಣವು.

ಅದೇ ರಾತ್ರಿ ಇನ್ನೊಂದು ಮಾತು ಬಂತು. ಬ್ರೌನ್ ತಮ್ಮ ಬ್ಯಾಂಡಿನವರಿಗೆ ಸದಾ 'ದ ವನ್' ಅಂತ ಹೇಳುತ್ತಿದ್ದರು. ಅಂದರೆ ಸುತ್ತಿನ ಮೊದಲ ಮಾತ್ರೆ. ಅಲ್ಲಿಯವರೆಗೆ ಅಲ್ಲಿನ ಹಾಡುಗಳಲ್ಲಿ ಒತ್ತು ಬೀಳುತ್ತಿದ್ದದ್ದು ಹೆಚ್ಚಾಗಿ ಎರಡನೇ, ನಾಲ್ಕನೇ ಮಾತ್ರೆಗೆ. 1965ರ ಸುಮಾರಿಗೆ ಬ್ರೌನ್ ಅದನ್ನು ಒಂದನೇ ಮಾತ್ರೆಗೆ ತಂದರು. ನಡುವೆ ಗಿಟಾರ್, ಸ್ಯಾಕ್ಸೊಫೋನ್, ಬೇಸ್ ಎಲ್ಲ ತಮ್ಮ ತಮ್ಮ ಆಟ ಆಡಲಿ, ಒಂದಕ್ಕೆ ಬಂದಾಗ ಎಲ್ಲರೂ ಕೂಡಬೇಕು. ಫಂಕ್ ನಿಂತಿರುವುದೇ ಇದರ ಮೇಲೆ. 1970ರಲ್ಲಿ ಹದಿಹರೆಯದ ಬೇಸ್ ಗಿಟಾರ್ ಹುಡುಗ ಬೂಟ್ಸಿ ಕಾಲಿನ್ಸ್ ಬ್ರೌನ್ ಹತ್ತಿರ ಕಲಿತ ಪಾಠವೂ ಇದೇ. ನಮ್ಮ ತಬಲಾದವನು "ಇದು ಸಮ್ ಅಲ್ಲೇನು?" ಅಂದ. ಹೌದು, ತಾಳದ ಸುತ್ತು ಮರಳಿ ಬಂದು ಕೂಡುವ ಸಮ್‌ನ ಹತ್ತಿರದ್ದು. ಪೂರ್ತಿ ಒಂದೇ ಅಲ್ಲ. ತೀನ್‌ತಾಲದ ಸಮ್ ಹದಿನಾರು ಮಾತ್ರೆ ಕಾಯಿಸಿ ಬರುತ್ತದೆ, ನಡುವೆ 'ಖಾಲಿ' ಅನ್ನುವ ಒತ್ತಿಲ್ಲದ ಜಾಗ ಇರುತ್ತದೆ, ಬರುವ ಮೊದಲಿನ ಆ ಕಾಯುವಿಕೆಯೇ ಅದರ ರುಚಿ. ಫಂಕಿನ 'ಒಂದು' ನಾಲ್ಕೇ ಮಾತ್ರೆಗೆ ಮರಳುತ್ತದೆ, ಕಾಯಿಸುವುದಿಲ್ಲ, ನೂಕುತ್ತದೆ. ಆದರೆ ಎಲ್ಲರೂ ಸುತ್ತಾಡಿ ಬಂದು ಒಂದೇ ಕಡೆ ಕಾಲಿಡುವ ಸುಖ ಇದೆಯಲ್ಲ, ಅದು ಎರಡರಲ್ಲೂ ಇದೆ. ಸಮ್ ಗೊತ್ತಿರುವ ಕಿವಿಗೆ ಫಂಕ್ ಪರದೇಶದ್ದು ಅನ್ನಿಸುವುದಿಲ್ಲ.

ಸ್ಟಬ್ಬಲ್‌ಫೀಲ್ಡ್ ಕಥೆಗೆ ಬರೋಣ. ಹಾಡು ಬರೆದವರು ಅಂತ ದಾಖಲೆಯಲ್ಲಿ ಇರುವುದು ಬ್ರೌನ್ ಹೆಸರು. ಡ್ರಮ್ಮರ್‌ಗೆ ಹಾಡಿನಲ್ಲಿ ಪಾಲಿಲ್ಲ. ಹಾಗಾಗಿ ಸಾವಿರ ಹಾಡುಗಳಲ್ಲಿ ಅವರ ಕೈ ಕೇಳಿಸುತ್ತಿದ್ದರೂ ರಾಯಲ್ಟಿ, ಅಂದರೆ ಹಾಡು ಬಳಸಿದ್ದಕ್ಕೆ ಸಲ್ಲುವ ದುಡ್ಡು, ಅವರಿಗೆ ಸಿಗಲಿಲ್ಲ. ಕ್ಯಾನ್ಸರ್ ಆದಾಗ ಸುಮಾರು 90,000 ಡಾಲರ್ ಆಸ್ಪತ್ರೆ ಬಿಲ್ ಕಟ್ಟಿದ್ದು ಗಾಯಕ ಪ್ರಿನ್ಸ್, ಅದೂ ಯಾರಿಗೂ ಹೇಳದೆ. ಪ್ರಿನ್ಸ್ 2016ರಲ್ಲಿ ತೀರಿಕೊಂಡ ಮೇಲಷ್ಟೇ ಈ ವಿಷಯ ಹೊರಗೆ ಬಂತು. ಸ್ಟಬ್ಬಲ್‌ಫೀಲ್ಡ್ 2017ರಲ್ಲಿ ಹೋದರು. ಇನ್ನೊಬ್ಬರು ಗ್ರೆಗರಿ ಕೋಲ್ಮನ್. 1969ರಲ್ಲಿ ದ ವಿನ್‌ಸ್ಟನ್ಸ್ ಬ್ಯಾಂಡಿನ ಒಂದು ಹಾಡಿನಲ್ಲಿ ಅವರು ಬಾರಿಸಿದ ಏಳು ಸೆಕೆಂಡಿನಷ್ಟು ಡ್ರಮ್ ಇಂಗ್ಲೆಂಡಿನ ಜಂಗಲ್, ಡ್ರಮ್ ಆ್ಯಂಡ್ ಬೇಸ್ ಅನ್ನುವ ಪೂರ್ತಿ ಪ್ರಕಾರಗಳಿಗೇ ತಳಹದಿ ಆಯಿತು. ಅವರು 2006ರಲ್ಲಿ ಇರಲು ಮನೆಯೂ ಇಲ್ಲದೆ ಸತ್ತರು. 2015ರಲ್ಲಿ ಕೇಳುಗರು ಚಂದಾ ಎತ್ತಿ ಬ್ಯಾಂಡಿನ ಮುಖ್ಯಸ್ಥ ರಿಚರ್ಡ್ ಸ್ಪೆನ್ಸರ್ ಅವರಿಗೆ 24,000 ಪೌಂಡ್ ಕೊಟ್ಟರು. ಕೋಲ್ಮನ್ ಅಷ್ಟೊತ್ತಿಗೆ ಹೋಗಿ ಒಂಬತ್ತು ವರ್ಷ.

ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಕಥೆ ಇನ್ನೂ ಚುಚ್ಚುತ್ತದೆ. ಬೆರಿ ಗಾರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ತೆಗೆದುಕೊಂಡು ಶುರು ಮಾಡಿದ ಕಂಪನಿ ಅದು. ಅಲ್ಲಿಂದ ಬಂದ ನೂರಾರು ಸೋಲ್ ಹಾಡುಗಳ ಹಿಂದೆ ಒಂದೇ ವಾದ್ಯಗಾರರ ಗುಂಪು ಇತ್ತು, ತಮ್ಮನ್ನು ಫಂಕ್ ಬ್ರದರ್ಸ್ ಅಂತ ಕರೆದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ರೆಕಾರ್ಡಿನ ಕವರ್ ಮೇಲೆ ಅವರ ಹೆಸರೇ ಇರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಂ ಮೇಲೆ ಮೊದಲ ಸಲ ಬಂತು. ಬೇಸ್ ಬಾರಿಸುತ್ತಿದ್ದ ಜೇಮ್ಸ್ ಜೇಮರ್‌ಸನ್ ಬಲಗೈಯ ಒಂದೇ ತೋರುಬೆರಳಿನಿಂದ ತಂತಿ ಮೀಟುತ್ತಿದ್ದರು. ಇವತ್ತಿಗೂ ಬೇಸ್ ಕಲಿಯುವವರು ಅವರ ನಡೆಯನ್ನು ಬರೆದಿಟ್ಟುಕೊಂಡು ಅಭ್ಯಾಸ ಮಾಡುತ್ತಾರೆ. 1983ರಲ್ಲಿ ಮೋಟೌನ್ ತನ್ನ 25ನೇ ವರ್ಷದ ದೊಡ್ಡ ಕಾರ್ಯಕ್ರಮ ಮಾಡಿದಾಗ ಅವರಿಗೆ ಕರೆ ಇರಲಿಲ್ಲ. ತಾವೇ ಟಿಕೆಟ್ ಕೊಂಡು ಹಿಂದೆ ಕೂತು ನೋಡಿದರು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಇದನ್ನು ಓದಿ ಹೇಳಿದ ರಾತ್ರಿ ಮಾಳಿಗೆಯ ಮೇಲೆ ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

ನಮ್ಮ ದೇಶದಲ್ಲೂ ಇದೇ ಆಗಿದೆ. 1950, 60ರ ದಶಕದ ಹಿಂದಿ ಸಿನಿಮಾ ಹಾಡುಗಳಲ್ಲಿ ಕೇಳುವ ಟ್ರಂಪೆಟ್, ಸ್ಯಾಕ್ಸೊಫೋನ್, ಪಿಟೀಲಿನ ಸಾಲು ಹೆಚ್ಚಿನವು ಗೋವಾದಿಂದ ಮುಂಬೈಗೆ ಬಂದವರದು. ರಾತ್ರಿ ಹೋಟೆಲುಗಳಲ್ಲಿ ಜಾಝ್ ಬಾರಿಸಿ, ಹಗಲು ಸ್ಟುಡಿಯೋದಲ್ಲಿ ಸಂಗೀತ ನಿರ್ದೇಶಕರ ಧಾಟಿಗೆ ವಾದ್ಯಗಳನ್ನು ಹೊಂದಿಸಿ ಬರೆಯುತ್ತಿದ್ದರು. ತೆರೆಯ ಮೇಲೆ ಅವರ ಹೆಸರು ಅಪರೂಪ. 1977ರ 'ಅಮರ್ ಅಕ್ಬರ್ ಆ್ಯಂಥೋನಿ'ಯಲ್ಲಿ ಆ್ಯಂಥೋನಿ ಗೊನ್ಸಾಲ್ವಿಸ್ ಅಂತ ಹೆಸರು ಕೂಗುವ ಹಾಡು ಎಲ್ಲರಿಗೂ ಬಾಯಿಗೆ ಬರುತ್ತದೆ, ಅಲ್ವಾ? ಆ್ಯಂಥೋನಿ ಗೊನ್ಸಾಲ್ವಿಸ್ ನಿಜವಾಗಿ ಇದ್ದವರು. ಗೋವಾದ ಪಿಟೀಲುವಾದಕರು, ಲಕ್ಷ್ಮೀಕಾಂತ್ ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್ ಅವರಿಗೆ ಪಿಟೀಲು ಕಲಿಸಿದ ಗುರು. ಗುರುವಿನ ಹೆಸರು ಹಾಡಿನೊಳಗೆ ಹೋಗಿ ಉಳಿಯಿತು. ಕಾಕಾ ಆ ಹಾಡನ್ನು ನೂರಾರು ಕ್ಯಾಸೆಟ್ಟಿಗೆ ತುಂಬಿದವರು. ಇದು ಗೊತ್ತಾಗಿದ್ದು ಈಗ ಅಂತ ಹೇಳಿ, ಸ್ವಲ್ಪ ಹೊತ್ತು ಬಿಟ್ಟು, "ಕಾರ್ಡಿನ್ ಮ್ಯಾಲ ಜಾಗ ಇತ್ತು, ನಾವೂ ಬರೀಲಿಲ್ಲ" ಅಂದರು.

ಇವೆಲ್ಲ ಹಳೆಯ ಅನ್ಯಾಯಗಳು. ಈಗ ಹೊಸದೇನು ಅಂದರೆ, ಅಪರೂಪಕ್ಕೆ ಹೆಸರು ಇದ್ದ ಜಾಗವೂ ಹೋಯಿತು. ಜಾಝ್ ರೆಕಾರ್ಡಿನ ಕವರ್ ಹಿಂದೆ ಯಾರು ಯಾವ ವಾದ್ಯ, ಯಾವ ದಿನ ರೆಕಾರ್ಡ್ ಆಯಿತು, ಎಲ್ಲ ಅಚ್ಚಾಗುತ್ತಿತ್ತು. ಆ್ಯಪ್‌ಗೆ ಬರುವಾಗ ಮುಂದಿನ ಚಿತ್ರ ಮಾತ್ರ ಬಂತು, ಹಿಂಬದಿ ಬರಲಿಲ್ಲ. ಕೆಲವು ಆ್ಯಪ್‌ಗಳಲ್ಲಿ ಈಗ ಹೆಸರು ಕಾಣುತ್ತವೆ. ಸ್ಪಾಟಿಫೈ 2018ರಲ್ಲಿ ಹಾಡು ಬರೆದವರ, ನಿರ್ಮಾಪಕರ ಹೆಸರು ತೋರಿಸಲು ಶುರು ಮಾಡಿತು. ಆದರೆ ಹಳೆಯ ಫಂಕ್, ಜಾಝ್ ಹಾಡುಗಳಿಗೆ ಅಲ್ಲಿ ವಾದ್ಯಗಾರರು ಎಷ್ಟೋ ಸಲ ಸಿಗುವುದೇ ಇಲ್ಲ.

ಹೆಸರಿನ ಬದಲು ಆ್ಯಪ್ ಕೊಡುವುದು ಸಲಹೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡೋಣ. ಮುಖ್ಯ ಲೆಕ್ಕ ಸರಳ: ಈ ಹಾಡು ಕೇಳಿದವರು ಬೇರೆ ಯಾವ ಹಾಡು ಕೇಳಿದರು? ಲಕ್ಷಾಂತರ ಜನರ ಕೇಳುವ ಚಾಳಿಯನ್ನು ಒಟ್ಟು ಮಾಡಿ, ನಿಮ್ಮ ಹಾಗೆ ಕೇಳುವವರನ್ನು ಹುಡುಕಿ, ಅವರು ಕೇಳಿದ್ದನ್ನು ನಿಮಗೆ ಕೊಡುತ್ತದೆ. ಹಾಡಿನ ಲಯ, ದನಿಯ ಬಣ್ಣವನ್ನೂ ಅಳೆಯುತ್ತದೆ. ನೀವು ಎಲ್ಲಿ ಬಿಟ್ಟು ಮುಂದೆ ಹೋದಿರಿ ಅನ್ನುವುದನ್ನೂ ಬರೆದಿಟ್ಟುಕೊಳ್ಳುತ್ತದೆ. ಹೀಗಾದಾಗ ಈಗಾಗಲೇ ಜಾಸ್ತಿ ಜನ ಕೇಳಿದ ಹಾಡೇ ಮತ್ತೆ ಜಾಸ್ತಿ ಜನರಿಗೆ ಹೋಗುತ್ತದೆ. ನಾನು ಒಮ್ಮೆ ಒಂದು ಆ್ಯಪ್‌ನಲ್ಲಿ ಒಂದು ತಿಂಗಳು ಬರೀ ಸೋಲ್ ಕೇಳಿದೆ, ಹೊಸದು ಬರುತ್ತದೆ ಅಂತ ಕಾದೆ. ಅದೇ ಹತ್ತು ಹನ್ನೆರಡು ಹಾಡು ಗಾಣದೆತ್ತಿನ ಹಾಗೆ ಸುತ್ತಿದವು. ಬೆಳಿಗ್ಗೆ ಅವ್ವ ಅದೇ ಫೋನಿನಲ್ಲಿ ಶರಣಬಸವೇಶ್ವರರ ಹಾಡು ಹಚ್ಚುತ್ತಾಳೆ. ಎರಡಕ್ಕೂ ನಡುವೆ ಇರುವ ನಂಟು ಆ ಲೆಕ್ಕಕ್ಕೆ ಸಿಗುವುದಿಲ್ಲ, ಅದಕ್ಕೆ ಗೊಂದಲ ಅಷ್ಟೇ.

ನಂಟು ಇಲ್ಲ ಅಂತಲ್ಲ. ಸೋಲ್ ಹುಟ್ಟಿದ್ದೇ ಚರ್ಚಿನಲ್ಲಿ. ಒಬ್ಬರು ಎತ್ತಿ ಹಾಡುತ್ತಾರೆ, ಉಳಿದವರು ತಿರುಗಿ ಹೇಳುತ್ತಾರೆ, ಚಪ್ಪಾಳೆ ಏರುತ್ತದೆ. 1954ರಲ್ಲಿ ಗಾಯಕ ರೇ ಚಾರ್ಲ್ಸ್ ಅಂಥದ್ದೊಂದು ದೇವರ ಹಾಡಿನ ಧಾಟಿಗೆ ಪ್ರೇಮದ ಮಾತು ಹೊಂದಿಸಿ ಹಾಡಿದಾಗ ಚರ್ಚಿನ ಕೆಲವರು ಸಿಟ್ಟಾದರು, ಉಳಿದವರು ಕುಣಿದರು. ನಮ್ಮ ಭಜನಾ ಮಂಡಳಿಗಳು ಇದನ್ನೇ ತಿರುವಿ ಮಾಡುತ್ತವೆ. ಸಿನಿಮಾ ಹಾಡಿನ ಧಾಟಿ ಹಿಡಿದು ದೇವರ ಮಾತು ಕೂಡಿಸುತ್ತವೆ. ಅರೀಥಾ ಫ್ರ್ಯಾಂಕ್ಲಿನ್ ಡೆಟ್ರಾಯಿಟ್‌ನಲ್ಲಿ ತಂದೆಯ ಚರ್ಚಿನಲ್ಲಿ ಹಾಡುತ್ತ ಬೆಳೆದವರು. ಸೋಲ್‌ನಲ್ಲಿ ದೊಡ್ಡ ಹೆಸರಾದ ಮೇಲೆ 1972ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಒಂದು ಚರ್ಚಿಗೆ ಹೋಗಿ ಎರಡು ರಾತ್ರಿ ಹಾಡಿ ರೆಕಾರ್ಡ್ ಮಾಡಿದರು. ಅದನ್ನು ಕೇಳಿದಾಗ ನನಗೆ ನೆನಪಾಗಿದ್ದು ಬಂದೇ ನವಾಜ್ ದರ್ಗಾದ ಉರುಸಿನ ಖವ್ವಾಲಿ. ಒಂದೇ ಸಾಲನ್ನು ಹತ್ತು ಸಲ ಹೇಳಿ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ ಹತ್ತಿಸುವ ಆ ರೀತಿ. ಇದನ್ನು ಆ್ಯಪ್ ಹೇಳುವುದಿಲ್ಲ. ಪಕ್ಕದಲ್ಲಿ ಕೂತವರು ಹೇಳಬೇಕು.

ಇನ್ನು ದುಡ್ಡಿನ ವಿಷಯ. ಸ್ಪಾಟಿಫೈನಂಥ ಕಡೆ ಮೂವತ್ತು ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಎರಡು ನಿಮಿಷದ ಹಾಡಾಗಲಿ, ಹದಿನೆಂಟು ನಿಮಿಷದ ಜಾಝ್ ಆಗಲಿ, ಒಂದೇ ಲೆಕ್ಕ. ಬಂದ ದುಡ್ಡನ್ನೆಲ್ಲ ಒಂದು ಕಡೆ ಹಾಕಿ ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟು ಅಂತ ಹಂಚುತ್ತಾರೆ. ಅಂದರೆ ನೀವು ಕೊಟ್ಟ ತಿಂಗಳ ಚಂದಾ ನೀವು ಕೇಳಿದವರಿಗೇ ಹೋಗುತ್ತದೆ ಅಂತಿಲ್ಲ. 2024ರಿಂದ ಇನ್ನೊಂದು ನಿಯಮ ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳದ ಹಾಡಿಗೆ ಆ ಪಾಲೇ ಇಲ್ಲ. ಮರೆತುಹೋದ ಹಳೆಯ ಫಂಕ್ ಹಾಡುಗಳು ಬೀಳುವುದು ಹೆಚ್ಚಾಗಿ ಈ ಗೆರೆಯ ಕೆಳಗೇ.

ಹೆಸರಿಲ್ಲದ ಸಂಗೀತಕ್ಕೆ ಮಾತ್ರ ಒಳ್ಳೆಯ ಕಾಲ. 'ಮಳೆಯ ಕೆಫೆ ಜಾಝ್', 'ಓದುವಾಗ ಕೇಳುವ ಜಾಝ್' ಅಂತ ಗಂಟೆಗಟ್ಟಲೆ ಬರುವ ಪಟ್ಟಿಗಳನ್ನು ನೋಡಿರುತ್ತೀರಿ. ಅಂಥವಕ್ಕೆ ಹಾಡು ಬರುವುದು ಎಲ್ಲಿಂದ? 2024ರ ಮಾರ್ಚ್‌ನಲ್ಲಿ ಸ್ವೀಡನ್ನಿನ ಡಾಗೆನ್ಸ್ ನ್ಯೂಹೆಟರ್ ಪತ್ರಿಕೆ ಒಂದು ವರದಿ ಮಾಡಿತು. ಯೋಹಾನ್ ರೋರ್ ಅನ್ನುವ ಒಬ್ಬರೇ ಸಂಗೀತಗಾರರು 650ಕ್ಕೂ ಹೆಚ್ಚು ಹೆಸರುಗಳಲ್ಲಿ ಸ್ಪಾಟಿಫೈನಲ್ಲಿ ಇದ್ದಾರೆ, ಆ ಹಾಡುಗಳನ್ನು 1,500 ಕೋಟಿ ಸಲ ಕೇಳಲಾಗಿದೆ ಅಂತ. ಒಂದು ಕಡೆ ಸ್ಟಬ್ಬಲ್‌ಫೀಲ್ಡ್, ಸಾವಿರ ಹಾಡಿನಲ್ಲಿ ಒಬ್ಬರದೇ ಕೈ, ಹೆಸರು ಹೆಚ್ಚಿನವುಗಳಲ್ಲಿ ಇಲ್ಲ. ಇನ್ನೊಂದು ಕಡೆ ಒಬ್ಬರಿಗೇ ಆರುನೂರೈವತ್ತು ಹೆಸರು, ಎಲ್ಲವೂ ಮುಖವಿಲ್ಲದವು.

ಮುಖವೂ ಕೈಯೂ ಎರಡೂ ಇಲ್ಲದವು ಈಗ ಬಂದಿವೆ. 2025ರಲ್ಲಿ ದ ವೆಲ್ವೆಟ್ ಸನ್‌ಡೌನ್ ಅನ್ನುವ 'ಬ್ಯಾಂಡ್'ಗೆ ಸ್ಪಾಟಿಫೈನಲ್ಲಿ ತಿಂಗಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಕೇಳುಗರು ಸಿಕ್ಕರು. ಆಮೇಲೆ ಗೊತ್ತಾಯಿತು, ಅದು ಎಐ ಕಟ್ಟಿದ ಸಂಗೀತ. ಫ್ರಾನ್ಸಿನ ಡೀಜರ್ ಕಂಪನಿ ತನ್ನಲ್ಲಿಗೆ ದಿನವೂ ಬರುವ ಹೊಸ ಹಾಡುಗಳಲ್ಲಿ 18% ಪೂರ್ತಿ ಎಐನವು ಅಂತ 2025ರ ಏಪ್ರಿಲ್‌ನಲ್ಲಿ ಹೇಳಿತು. ಸೆಪ್ಟೆಂಬರ್ ಹೊತ್ತಿಗೆ ಅದು 28% ಆಗಿತ್ತು. ಹಳೆಯ ಸೋಲ್ ದನಿ, ರೆಕಾರ್ಡಿನ ಕರಕರ ಸದ್ದು ಎಲ್ಲ ಹಾಕಿ, 1972ರದ್ದು, ಈಗ ಸಿಕ್ಕಿತು ಅಂತ ಸುಳ್ಳು ಕಥೆ ಕಟ್ಟಿ ಬಿಡುವುದು ಈಗ ಸುಲಭ. ನಮ್ಮ ಮಾಳಿಗೆಗೂ ಅಂಥದ್ದು ಒಂದು ಬಂತು. ದನಿ ಚೆನ್ನಾಗಿತ್ತು, ನಾವು ತಲೆಯಾಡಿಸಿದೆವು. ಕಾಕಾ ಎಂದಿನ ಪ್ರಶ್ನೆ ಕೇಳಿದರು. ಹುಡುಕಿದೆವು. ಬಾರಿಸಿದವರು ಇಲ್ಲ, ಸ್ಟುಡಿಯೋ ಇಲ್ಲ, ಊರಿಲ್ಲ, ಆ ಗಾಯಕರ ಎರಡನೇ ರೆಕಾರ್ಡು ಇಲ್ಲ, ಯಾವ ಹಳೆಯ ಪಟ್ಟಿಯಲ್ಲೂ ಸುಳಿವಿಲ್ಲ. ಒಂದು ಹಾಡು ನಿಜವಾಗಿ ನಡೆದಿದ್ದರೆ ಅದರ ಸುತ್ತ ನಾಲ್ಕು ಜನ ಇರಲೇಬೇಕು. ಹೆಸರು ಕೇಳುವ ಚಾಳಿ ಇದ್ದರೆ ಇಂಥದ್ದು ಬೇಗ ಸಿಕ್ಕಿಬೀಳುತ್ತದೆ.

ಆದರೂ ಆ್ಯಪ್‌ಗಳನ್ನು ಪೂರ್ತಿ ಬೈದರೆ ಅದು ಸರಿಯಲ್ಲ. ರೂಪಾ ಬಿಸ್ವಾಸ್ ಅವರ ಕಥೆ ನೋಡಿ. ಕೋಲ್ಕತ್ತದ ಹುಡುಗಿ, ಕೆನಡಾದ ಕ್ಯಾಲ್ಗರಿಗೆ ಹೋದಾಗ 'ಡಿಸ್ಕೋ ಜಾಝ್' ಅನ್ನುವ ಆಲ್ಬಂ ಹಾಡಿದರು, ಸರೋದ್ ಬಾರಿಸಿದ್ದು ಆಶೀಶ್ ಖಾನ್. 1982ರಲ್ಲಿ ಬಂತು, ಓಡಲಿಲ್ಲ, ಅವರು ಅದನ್ನು ಮರೆತೇಬಿಟ್ಟರು. ಎಷ್ಟೋ ವರ್ಷದ ಮೇಲೆ ಅದರ ಹಾಡು ಯೂಟ್ಯೂಬಿನಲ್ಲಿ ಲಕ್ಷಾಂತರ ಜನಕ್ಕೆ ತಾನಾಗಿಯೇ ಹೋಗಿತ್ತು, ಹಳೆಯ ರೆಕಾರ್ಡು ದುಬಾರಿ ಬೆಲೆಗೆ ಕೈ ಬದಲಾಗುತ್ತಿತ್ತು. ಅವರ ಮಗ ಅಮ್ಮನ ಹೆಸರು ಹುಡುಕಿದಾಗ ಅದು ಮನೆಯವರಿಗೆ ಗೊತ್ತಾಯಿತು. 2019ರಲ್ಲಿ ಅಮೆರಿಕದ ನ್ಯೂಮೆರೊ ಗ್ರೂಪ್ ಅನ್ನುವ ರೆಕಾರ್ಡ್ ಕಂಪನಿ ಅದನ್ನು ಮತ್ತೆ ಹೊರತಂದಿತು. ಹಾಡನ್ನು ಹೊರಗೆ ತಂದದ್ದು ಯಂತ್ರದ ಸಲಹೆ ಅನ್ನುವುದನ್ನು ಒಪ್ಪಬೇಕು. ಆ ಹಾಡು ಮನೆ ಮುಟ್ಟಿದ್ದು ಮಾತ್ರ ಹೆಸರು ಜೊತೆಗಿದ್ದದ್ದಕ್ಕೆ.

ಕೇಳುವವರು ತಾವೇ ಹೆಸರು ಮುಚ್ಚಿದ ಕಾಲವೂ ಇತ್ತು. 1970ರ ದಶಕದಲ್ಲಿ ಉತ್ತರ ಇಂಗ್ಲೆಂಡಿನ ನೃತ್ಯದ ಹಾಲ್‌ಗಳಲ್ಲಿ ಯಾರಿಗೂ ಗೊತ್ತಿಲ್ಲದ ಅಮೆರಿಕದ ಸೋಲ್ ಹಾಡು ಹಾಕುವುದೇ ಒಂದು ಹೆಮ್ಮೆ. ನಾರ್ದರ್ನ್ ಸೋಲ್ ಅಂತ ಅದಕ್ಕೆ ಹೆಸರು. ಬೇರೆ ಡಿಜೆಗೆ ಗೊತ್ತಾಗಬಾರದು ಅಂತ ರೆಕಾರ್ಡಿನ ಲೇಬಲ್ ಮೇಲೆ ಕಾಗದ ಅಂಟಿಸಿ, ಸುಳ್ಳು ಹೆಸರು ಹೇಳುತ್ತಿದ್ದರು. ಅವರು ಎಷ್ಟೋ ಒಳ್ಳೆಯ ಹಾಡುಗಳನ್ನು ಉಳಿಸಿದರು, ಅದು ನಿಜ. ಆದರೆ ಹಾಡಿದವರಿಗೆ, ಇಂಗ್ಲೆಂಡಿನಲ್ಲಿ ಪ್ರತಿ ಶನಿವಾರ ನೂರಾರು ಜನ ತಮ್ಮ ಹಾಡಿಗೆ ಕುಣಿಯುತ್ತಿದ್ದಾರೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ನನಗೆ ಈ ಕಾಗದ ಅಂಟಿಸುವ ಬುದ್ಧಿ ಇಷ್ಟವಾಗುವುದಿಲ್ಲ. ಸಿಕ್ಕ ಹಾಡನ್ನು ನನ್ನದು ಅಂತ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ.

ಹೆಸರು ಹಿಡಿದು ಹೋದರೆ ಎಲ್ಲಿಗೆ ತಲುಪಬಹುದು ಅನ್ನುವುದಕ್ಕೆ ನಮ್ಮದೇ ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲೊಬ್ಬ ಅಮೆರಿಕದ ಜಾಝ್ ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ 1963ರ ಆಲ್ಬಂ ತಂದಿದ್ದ. ಅದರಲ್ಲಿ ಅಳುವ ಹಾಗೆ ಏಳುವ ಒಂದು ಆಲ್ಟೊ ಸ್ಯಾಕ್ಸೊಫೋನ್ ಇದೆ. ಯಾರು? ಚಾರ್ಲಿ ಮರಿಯಾನೊ. ಆ ಹೆಸರು ಹಿಡಿದು ಮುಂದೆ ಹೋದೆವು. ಅವರು ಏಷ್ಯಾಕ್ಕೆ ಬಂದಿದ್ದರು, ನಾದಸ್ವರ ಕಲಿತಿದ್ದರು, 1983ರಲ್ಲಿ 'ಜ್ಯೋತಿ' ಅಂತ ಒಂದು ಆಲ್ಬಂ ಮಾಡಿದ್ದರು. ಯಾರ ಜೊತೆ? ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ. ಮೃದಂಗ ಟಿ.ಎ.ಎಸ್. ಮಣಿ, ಹಾಡಿದವರು ಆರ್.ಎ. ರಾಮಮಣಿ. ನ್ಯೂಯಾರ್ಕಿನಿಂದ ಹೊರಟ ನಾವು ಎರಡೇ ಹೆಜ್ಜೆಗೆ ಬೆಂಗಳೂರಿಗೆ ಬಂದು ನಿಂತಿದ್ದೆವು. ಅಲ್ಲಿಂದ ಸ್ಯಾಕ್ಸೊಫೋನ್‌ನಲ್ಲಿ ಕರ್ನಾಟಕ ಸಂಗೀತ ಬಾರಿಸುತ್ತಿದ್ದ ಮಂಗಳೂರು ಕಡೆಯ ಕದ್ರಿ ಗೋಪಾಲನಾಥ್, ಅವರಿಂದ 2008ರಲ್ಲಿ ಅವರ ಜೊತೆ ಆಲ್ಬಂ ಮಾಡಿದ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಈ ಸರಪಳಿಯನ್ನು ಯಾವ ಆ್ಯಪ್ ನಮಗೆ ಕೊಟ್ಟಿರಲಿಲ್ಲ. ಕವರಿನ ಹಿಂದಿನ ಸಣ್ಣ ಅಕ್ಷರಗಳು ಕೊಟ್ಟವು.

ಆ ಸಣ್ಣ ಅಕ್ಷರಗಳಿಲ್ಲದೆ ಹಾಡೇ ಅರ್ಧ ಕೇಳಿಸುವುದೂ ಉಂಟು. ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1964ರ ಡಿಸೆಂಬರ್ 9ರಂದು 'ಎ ಲವ್ ಸುಪ್ರೀಮ್' ರೆಕಾರ್ಡ್ ಮಾಡಿದರು. ಪಿಯಾನೊ ಮೆಕಾಯ್ ಟೈನರ್, ಬೇಸ್ ಜಿಮ್ಮಿ ಗ್ಯಾರಿಸನ್, ಡ್ರಮ್ ಎಲ್ವಿನ್ ಜೋನ್ಸ್. ನಾಲ್ಕು ಭಾಗ, ಮೂವತ್ತಮೂರು ನಿಮಿಷದಷ್ಟು. ಕೊನೆಯ ಭಾಗದಲ್ಲಿ ತಾಳ ಹಿಡಿಯಲು ಸಿಗುವುದಿಲ್ಲ, ಸ್ಯಾಕ್ಸೊಫೋನ್ ಎಳೆದೆಳೆದು ಮಾತಾಡಿದ ಹಾಗೆ ಹೋಗುತ್ತದೆ. ಮೊದಲ ಸಲ ಕೇಳಿದಾಗ ನಮಗೆ ದಾರಿ ಸಿಗಲಿಲ್ಲ, ನಿಜವಾಗಿ ಬೇಜಾರಾಯಿತು. ಆಮೇಲೆ ಗೊತ್ತಾಯಿತು. ಆ ರೆಕಾರ್ಡಿನ ಕವರ್ ಒಳಗೆ ಕೋಲ್ಟ್ರೇನ್ ದೇವರಿಗೆ ಬರೆದ ಒಂದು ಕವಿತೆ ಅಚ್ಚಾಗಿದೆ, ಸ್ಯಾಕ್ಸೊಫೋನ್ ಓದುತ್ತಿರುವುದು ಆ ಕವಿತೆಯನ್ನು, ಅಕ್ಷರಕ್ಕೆ ಅಕ್ಷರ. ಮುಂದಿನ ರವಿವಾರ ಆ ಕವಿತೆಯನ್ನು ಝೆರಾಕ್ಸ್ ಮಾಡಿಸಿ ತಂದೆವು. ಟಾರ್ಚ್ ಬೆಳಕಿನಲ್ಲಿ ಐದು ತಲೆ ಒಂದು ಹಾಳೆಯ ಮೇಲೆ ಬಗ್ಗಿದವು, ಸಾಲಿನ ಕೆಳಗೆ ಬೆರಳು ಓಡಿಸುತ್ತ ಕೇಳಿದೆವು. ಕವಿತೆಯಲ್ಲಿ ದೇವರಿಗೆ ಧನ್ಯವಾದ ಹೇಳುವ ಪುಟ್ಟ ಮಾತು ಮತ್ತೆ ಮತ್ತೆ ಬರುತ್ತದೆ, ಅಲ್ಲಿಗೆ ಬಂದಾಗ ಸ್ಯಾಕ್ಸೊಫೋನ್ ಕೆಳಗಿಳಿದು ನೆಲ ಮುಟ್ಟಿದ ಹಾಗೆ ನಿಲ್ಲುತ್ತದೆ. ಕಾಕಾ ಮೆಲ್ಲಗೆ ಅಂದರು, "ಇದು ಅಂಕಿತ." ವಚನ ಹಾಡುವವರು ಮಾತಿನ ಹಿಂದೆ ಹಿಂದೆ ಹೋಗಿ, ಛಂದಸ್ಸಿಲ್ಲದ ಸಾಲನ್ನು ಹೇಗೋ ಹಿಡಿದುಕೊಂಡು ಹೋಗಿ, ಕೊನೆಗೆ ಕೂಡಲಸಂಗಮದೇವಾ ಅಂದಾಗ ದನಿಯನ್ನು ಇಳಿಸಿ ನಿಲ್ಲಿಸುತ್ತಾರಲ್ಲ, ಅದೇ. ಬಸವಕಲ್ಯಾಣ ಇಲ್ಲಿಂದ ಎರಡು ತಾಸಿನ ದಾರಿ. ಆ ಹಾಳೆ ಇಲ್ಲದಿದ್ದರೆ ಇದು ನಮಗೆ ಯಾವತ್ತೂ ಕೇಳಿಸುತ್ತಿರಲಿಲ್ಲ.

ಈಗ ನಮ್ಮ ನಿಯಮ ಬದಲಾಗಿದೆ. ಹಾಡು ತರುವವರು ಕನಿಷ್ಠ ಇಬ್ಬರು ವಾದ್ಯಗಾರರ ಹೆಸರು ತರಬೇಕು. ಡಿಸ್ಕಾಗ್ಸ್ ಅನ್ನುವ ತಾಣದಲ್ಲಿ ಜನ ತಮ್ಮ ಹತ್ತಿರದ ರೆಕಾರ್ಡುಗಳ ಕವರ್ ನೋಡಿಕೊಂಡು ಎಲ್ಲ ವಿವರ ತುಂಬಿಟ್ಟಿದ್ದಾರೆ, ದುಡ್ಡು ಕೊಡಬೇಕಾಗಿಲ್ಲ. ಯಾವ ಹಾಡಿನ ತುಣುಕು ಯಾವ ಹಾಡಿಗೆ ಹೋಯಿತು ಅನ್ನುವುದಕ್ಕೆ ಹೂಸ್ಯಾಂಪಲ್ಡ್ ಇದೆ. ಹತ್ತು ನಿಮಿಷದ ಕೆಲಸ. ಯಾರಿಗಾದರೂ ಹಾಡು ಕಳಿಸುವಾಗ ಸುಮ್ನೆ ಲಿಂಕ್ ಒಗೆಯುವ ಬದಲು ಕೆಳಗೆ ಒಂದು ಸಾಲು: ಬೇಸ್ ಇವರು, ಡ್ರಮ್ ಇವರು, ಎರಡನೇ ನಿಮಿಷದ ಹತ್ತಿರ ಇದನ್ನು ಕೇಳಿ.

ಈ ಚಾಳಿ ಹೋದ ಶ್ರಾವಣದಲ್ಲಿ ನಮ್ಮನ್ನು ಬೇರೆಲ್ಲಿಗೋ ಕರೆದುಕೊಂಡು ಹೋಯಿತು. ತಬಲಾದವನು ಒಂದು ವಿಡಿಯೋ ತಂದ. ಫಂಕ್ ಅಲ್ಲ, ಜಾಝ್ ಅಲ್ಲ, ಜೇವರ್ಗಿ ಕಡೆಯ ಒಂದು ಹಳ್ಳಿಯ ಭಜನೆ. ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರ ತತ್ವಪದ. "ದಮ್ಮಡಿ ಕೇಳ್ರಿ" ಅಂದ. ದಮ್ಮಡಿ ಬಾರಿಸುವವರು ಎರಡು ಗಟ್ಟಿ ಪೆಟ್ಟಿನ ನಡುವೆ ಬೆರಳ ತುದಿಯಿಂದ ಕೇಳಿಸಿತೋ ಇಲ್ಲವೋ ಅನ್ನುವ ಪೆಟ್ಟುಗಳನ್ನು ಸುರಿಯುತ್ತಿದ್ದರು. ವಿಡಿಯೋ ಮೇಲೆ ಕೆಂಪು ಅಕ್ಷರದಲ್ಲಿ ಸೂಪರ್ ಹಿಟ್ ಭಜನಾ ಪದ ಅಂತ ಇತ್ತು, ಶೂಟಿಂಗ್ ಮಾಡಿದವರ ಫೋನ್ ನಂಬರ್ ಇತ್ತು. ಹಾಡಿದವರ, ಬಾರಿಸಿದವರ ಹೆಸರು ಇರಲಿಲ್ಲ. ಕಾಕಾ ಪ್ರಶ್ನೆ ಕೇಳುವ ಮೊದಲೇ ನಮ್ಮ ಹುಡುಗ ಆ ನಂಬರಿಗೆ ಫೋನ್ ಹಚ್ಚಿದ್ದ.

ಒಬ್ಬರಿಂದ ಒಬ್ಬರಿಗೆ ಕೇಳುತ್ತ ಹೋಗಿ ನಾಲ್ಕನೇ ದಿನಕ್ಕೆ ದಮ್ಮಡಿಯವರೇ ಸಿಕ್ಕರು. ಹೊಲದಲ್ಲಿದ್ದರು, ತೊಗರಿಗೆ ಎಡೆ ಹೊಡೆಯುತ್ತಿದ್ದರಂತೆ. ಸ್ಪೀಕರ್ ಮೇಲೆ ಹಾಕಿ ಎಲ್ಲರೂ ಸುತ್ತ ಕೂತೆವು. ಪೇಟಿ ಯಾರು, ಏಕತಾರಿ ಯಾರು, ತಾಳ ಯಾರು, ಹಿಂದೆ ದನಿಗೂಡಿಸಿದವರು ಯಾರು, ಎಲ್ಲ ಹೇಳಿದರು. ಕಾಕಾ ತಮ್ಮ ಹಳೆಯ ಅಂಗಡಿಯ ಖಾಲಿ ಕ್ಯಾಸೆಟ್ ಕಾರ್ಡು ತಂದಿದ್ದರು, ನೀಲಿ ಪೆನ್ನಿನಲ್ಲಿ ಬರೆಯುತ್ತ ಹೋದರು. ತಮ್ಮ ಹೆಸರು ಹೇಳುವ ಸರದಿ ಬಂದಾಗ ದಮ್ಮಡಿಯವರು ಸ್ವಲ್ಪ ತಡೆದರು. "ನಂದೇನ್ ಬರೀತೀರಿ ಬಿಡ್ರಿ. ನಮ್ಮ ಸೋದರಮಾವ ಕಲಿಸಿದ್ದು ಇದು. ಅವರದು ಬರಕೊಳ್ರಿ."

ಕಾಕಾ ಎರಡೂ ಬರೆದುಕೊಂಡರು.